ಹಾಲಿಗೆ ತೆರಿಗೆ ಇಲ್ಲ, ಹಾಲಿನ ಹಿಂದಿನ ಖರ್ಚಿಗೆ ಇದೆ

ಬಜೆಟ್ ಬರುವ ಮುನ್ನ ಹಾಲು ಉತ್ಪಾದಕ ಮಹಿಳೆಯರಿಗೆ ಒಂದಿಷ್ಟು ಲೆಕ್ಕ

– ಪಶುವೈದ್ಯಾಧಿಕಾರಿ, ಲಿಂಗಸುಗೂರು

ಹಾಲು ಉತ್ಪಾದಕ ತಾಯಂದಿರೆ, ಅಕ್ಕಂದಿರೆ,

ಬರುವ ಫೆಬ್ರವರಿ 1ಕ್ಕೆ ಕೇಂದ್ರ ಬಜೆಟ್. ಅದರ ಹಿಂದೆಯೇ ರಾಜ್ಯ ಬಜೆಟ್. ಈ ದಿನಗಳಲ್ಲಿ ಮುದಗಲ್ ಕಡೆ ಹೋಗಲಿ, ಗುರುಗುಂಟಾ ಕಡೆ ಹೋಗಲಿ, ದನದ ಕೊಟ್ಟಿಗೆಯಲ್ಲಿ ನಿಂತಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: "ಡಾಕ್ಟ್ರೇ, ಹಾಲಿಗೂ ಟ್ಯಾಕ್ಸ್ ಹಾಕ್ಯಾರಂತಲ್ರೀ, ಖರೇನ?" ಅದರ ಜೊತೆಗೆ ಇನ್ನೊಂದು, ದನಿ ತಗ್ಗಿಸಿ ಕೇಳುವುದು: "ಹಾಲಿನ ರೊಕ್ಕ ಅಕೌಂಟಿಗೆ ಬಂದ್ರ ಗೃಹಲಕ್ಷ್ಮಿ ಬಂದ್ ಆಗ್ತೈತೇನ್ರಿ?"

ಮೊದಲನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಹಸಿ ಹಾಲಿಗೂ ಸಾಧಾರಣ ಪ್ಯಾಕೆಟ್ ಹಾಲಿಗೂ ಜಿಎಸ್‌ಟಿ ಇಲ್ಲ. ಜಿಎಸ್‌ಟಿ ಶುರುವಾದ 2017ರ ಜುಲೈ 1ರಿಂದ ಇವತ್ತಿನವರೆಗೆ ಸೊನ್ನೆಯೇ. ನೀವು ಡೇರಿಗೆ ಹಾಕುವ ಹಾಲಿನ ಮೇಲೆ ಯಾರೂ ತೆರಿಗೆ ಹಿಡಿಯುವುದಿಲ್ಲ. ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯವಾದದ್ದು, ಅದಕ್ಕೆ ಉತ್ತರ ಸ್ವಲ್ಪ ಉದ್ದ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಯಾವ ತೆರಿಗೆ ಯಾರ ಕೈಯಲ್ಲಿದೆ ಎಂದು ತಿಳಿಯಬೇಕು. ಇಲ್ಲದಿದ್ದರೆ ಟಿವಿಯಲ್ಲಿ ಬರುವ ಪ್ರತಿ ಸುದ್ದಿಯೂ ಗಾಬರಿಯೇ.

ಯಾವ ತೆರಿಗೆ ಯಾರ ಕೈಯಲ್ಲಿ?

ಫೆಬ್ರವರಿ 1ರ ಬಜೆಟ್‌ನಲ್ಲಿ ಕೇಂದ್ರ ಹಣಕಾಸು ಸಚಿವರು ಬದಲಿಸುವುದು ಮುಖ್ಯವಾಗಿ ಆದಾಯ ತೆರಿಗೆ ಮತ್ತು ಹೊರದೇಶದಿಂದ ಬರುವ ಸಾಮಾನಿನ ಸುಂಕ. ಸಾಬೂನು, ಔಷಧಿ, ತುಪ್ಪದ ಮೇಲಿನ ಜಿಎಸ್‌ಟಿ ಎಷ್ಟು ಎಂಬುದು ಬಜೆಟ್‌ನಲ್ಲಿ ನಿರ್ಧಾರವಾಗುವುದಿಲ್ಲ. ಅದಕ್ಕೆ ಜಿಎಸ್‌ಟಿ ಮಂಡಳಿ ಎಂದು ಬೇರೆ ಇದೆ. ಕೇಂದ್ರದವರೂ ಎಲ್ಲ ರಾಜ್ಯಗಳ ಸಚಿವರೂ ಅದರಲ್ಲಿ ಕೂಡುತ್ತಾರೆ. ವರ್ಷದ ಯಾವ ತಿಂಗಳಲ್ಲಾದರೂ ಅದು ದರ ಬದಲಿಸಬಹುದು. ಕಳೆದ ದೊಡ್ಡ ಬದಲಾವಣೆಯೂ ಹಾಗೆಯೇ ಬಂತು: 2025ರ ಸೆಪ್ಟೆಂಬರ್ 3ರ ಸಭೆಯಲ್ಲಿ ನಿರ್ಧಾರ, ಸೆಪ್ಟೆಂಬರ್ 22ರಿಂದ ಜಾರಿ.

ಡೀಸೆಲ್, ಪೆಟ್ರೋಲ್ ಜಿಎಸ್‌ಟಿಯ ಹೊರಗಿವೆ. ಅವುಗಳ ಮೇಲೆ ಕೇಂದ್ರವೂ ಸುಂಕ ಹಾಕುತ್ತದೆ, ರಾಜ್ಯವೂ ಮಾರಾಟ ತೆರಿಗೆ ಹಾಕುತ್ತದೆ. ಇನ್ನು ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬರುತ್ತದಲ್ಲ, ಅದು ತೆರಿಗೆಯಲ್ಲ, ಜನ ಕಟ್ಟಿದ ತೆರಿಗೆಯಿಂದ ನಮಗೆ ಬರುವ ಹಣ. 2008ರಲ್ಲಿ 2 ರೂಪಾಯಿಯಿಂದ ಶುರುವಾಗಿ, 2013ರಲ್ಲಿ 4 ಆಗಿ, ಆಮೇಲೆ 5 ಆಯಿತು. ಅದು ರಾಜ್ಯ ಬಜೆಟ್‌ನ ಬಾಬತ್ತು. ದಿನಕ್ಕೆ 10 ಲೀಟರ್ ಹಾಕುವ ಮನೆಗೆ ತಿಂಗಳಿಗೆ 1,500 ರೂಪಾಯಿ. ಆದ್ದರಿಂದ ನಮ್ಮ ಕೊಟ್ಟಿಗೆಯ ಮಟ್ಟಿಗೆ ಹೇಳುವುದಾದರೆ ದೆಹಲಿಯ ಬಜೆಟ್‌ಗಿಂತ ಬೆಂಗಳೂರಿನ ಬಜೆಟ್ ಭಾಷಣವನ್ನೇ ಹೆಚ್ಚು ಗಮನವಿಟ್ಟು ಕೇಳಬೇಕು. ಇದು ನನ್ನ ಅಭಿಪ್ರಾಯ.

ಸೊನ್ನೆ ಎಂದರೆ ಪೂರ್ತಿ ಸೊನ್ನೆಯಲ್ಲ

ಹಾಲಿಗೆ ತೆರಿಗೆ ಇಲ್ಲ ಎಂದ ಮೇಲೆ ನಮಗೂ ಜಿಎಸ್‌ಟಿಗೂ ಸಂಬಂಧವಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸಾಬೂನು ಮಾಡುವ ಕಾರ್ಖಾನೆಯನ್ನು ತೆಗೆದುಕೊಳ್ಳಿ. ಅವರು ಎಣ್ಣೆ ಕೊಳ್ಳುವಾಗ ಜಿಎಸ್‌ಟಿ ಕೊಡುತ್ತಾರೆ. ಸಾಬೂನು ಮಾರುವಾಗ ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುತ್ತಾರೆ. ಸರ್ಕಾರಕ್ಕೆ ಕಟ್ಟುವಾಗ ತಾವು ಮೊದಲು ಕೊಟ್ಟದ್ದನ್ನು ಅದರಲ್ಲಿ ಕಳೆದುಕೊಳ್ಳುತ್ತಾರೆ. ಅವರ ಕೈಯಿಂದ ಹೋದದ್ದು ಅವರಿಗೇ ಮರಳುತ್ತದೆ.

ನಮಗೆ ಹಾಗಿಲ್ಲ. ಆಕಳಿಗೆ ಔಷಧಿ ತಂದಾಗ, ಕ್ಯಾನ್ ಕೊಂಡಾಗ, ಮೇವು ಕತ್ತರಿಸುವ ಯಂತ್ರ ತಂದಾಗ ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳಲು ನಾವು ಹಾಲಿನ ಮೇಲೆ ತೆರಿಗೆ ವಸೂಲಿ ಮಾಡುವುದೇ ಇಲ್ಲ. ಹಾಗಾಗಿ ಕೊಟ್ಟ ತೆರಿಗೆ ಅಷ್ಟೂ ನಮ್ಮ ಖರ್ಚಿನಲ್ಲೇ ಉಳಿಯುತ್ತದೆ. ತೆರಿಗೆ ಏರಿದರೆ ಖರ್ಚು ಏರಿತು, ಇಳಿದರೆ ಇಳಿಯಿತು. ಆದ್ದರಿಂದ ತೆರಿಗೆ ಸುದ್ದಿ ಬಂದಾಗ ನಾವು ಮಾರುವ ವಸ್ತುವಿನ ಕಡೆಗಲ್ಲ, ಕೊಳ್ಳುವ ವಸ್ತುವಿನ ಕಡೆ ನೋಡಬೇಕು.

ಸೆಪ್ಟೆಂಬರ್ 22ರಿಂದ ಔಷಧಿಗಳ ಮೇಲಿನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಮನುಷ್ಯರ ಔಷಧಿಯಷ್ಟೇ ಅಲ್ಲ, ದನದ ಔಷಧಿಯೂ ಅದರಲ್ಲಿ ಸೇರಿದೆ. ಕಬ್ಬಿಣ, ಸ್ಟೀಲ್, ಅಲ್ಯೂಮಿನಿಯಂ ಹಾಲಿನ ಕ್ಯಾನ್ 12ರಿಂದ 5. ಟ್ರ್ಯಾಕ್ಟರ್ 12ರಿಂದ 5. ಟ್ರ್ಯಾಕ್ಟರ್ ಟೈರ್ 18ರಿಂದ 5. ಕೃಷಿ ಯಂತ್ರಗಳ ಸಾಲಿನಲ್ಲಿ ಬರುವ ಮೇವು ಕತ್ತರಿಸುವ ಯಂತ್ರವೂ 12ರಿಂದ 5. ಯಂತ್ರದ ಮೋಟಾರನ್ನು ಬೇರೆ ಬಿಲ್ ಮಾಡಿದರೆ ಅದಕ್ಕೆ ಶೇ. 18 ಬೀಳುತ್ತದೆ. ಬಿಲ್ ಹೇಗೆ ಬರೆಯುತ್ತಾರೆ ಎಂದು ಕೊಳ್ಳುವ ಮೊದಲೇ ಕೇಳಿ.

ಕೈಗೆ ಎಷ್ಟು ಉಳಿಯುತ್ತದೆ? ತೆರಿಗೆ ಬಿಟ್ಟು 1,000 ರೂಪಾಯಿ ಬೆಲೆಯ ಔಷಧಿ ಎಂದು ಹಿಡಿಯಿರಿ. ಮೊದಲು 1,120 ಕೊಡುತ್ತಿದ್ದಿರಿ, ಈಗ 1,050. ಉಳಿದದ್ದು 70. ತೆರಿಗೆ ಬಿಟ್ಟು 20,000 ರೂಪಾಯಿಯ ಯಂತ್ರವಾದರೆ 22,400 ಇದ್ದದ್ದು 21,000 ಆಗುತ್ತದೆ, ಉಳಿದದ್ದು 1,400. ಯಂತ್ರ ತರಬೇಕೆಂದು ಸಂಘದಲ್ಲಿ ಸಾಲ ಕೇಳಿರುವ ಅಕ್ಕಂದಿರು ಹಳೆಯ ಕೊಟೇಶನ್ ಇಟ್ಟುಕೊಂಡಿದ್ದರೆ ಅದನ್ನು ಬದಲಿಸಿ ತನ್ನಿ. ಹಳೆಯ ದರದ ಮೇಲೆ ಸಾಲ ಪಡೆದರೆ ಬಡ್ಡಿಯೂ ಹಳೆಯ ದರದ ಮೇಲೆಯೇ.

ಇಲ್ಲೊಂದು ಮಾತು, ತೆರಿಗೆಯದಲ್ಲ, ನನ್ನ ಕಸುಬಿನದು. ಔಷಧಿ ಅಗ್ಗವಾಯಿತೆಂದು ಅಂಗಡಿಯಿಂದ ಇಂಜೆಕ್ಷನ್ ತಂದು ತಾವೇ ಚುಚ್ಚಬೇಡಿ. ಕೆಚ್ಚಲು ಬಾವಿಗೆ ಅರ್ಧಂಬರ್ಧ ಔಷಧಿ ಹಾಕಿ ಬಿಟ್ಟರೆ ಒಂದು ಮೊಲೆಯೇ ಬತ್ತಿ ಹೋಗಬಹುದು. ಆ ನಷ್ಟದ ಮುಂದೆ 70 ರೂಪಾಯಿ ಲೆಕ್ಕಕ್ಕೇ ಬರುವುದಿಲ್ಲ. ಔಷಧಿ ಕೊಟ್ಟ ದನದ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕಬಾರದು ಎಂಬುದೂ ನೆನಪಿರಲಿ.

ಮೇವು, ಹಿಂಡಿ ಮತ್ತು ಡೀಸೆಲ್

ಹೈನುಗಾರಿಕೆಯ ಖರ್ಚಿನಲ್ಲಿ ನೂರಕ್ಕೆ 60ರಿಂದ 70 ರೂಪಾಯಿ ಹೋಗುವುದು ಮೇವು ಹಿಂಡಿಗೆ. ಪಶು ಆಹಾರ, ಹತ್ತಿಕಾಳು ಹಿಂಡಿ, ದನಕ್ಕೆ ಹಾಕುವ ಹೊಟ್ಟು, ಒಣ ಮೇವು, ಹಸಿ ಮೇವು, ಇವಕ್ಕೆ ಜಿಎಸ್‌ಟಿ ಮೊದಲಿನಿಂದಲೂ ಸೊನ್ನೆ. ಅಂದರೆ ಸೆಪ್ಟೆಂಬರ್‌ನ ಇಳಿಕೆ ನಮ್ಮ ಖರ್ಚಿನ ದೊಡ್ಡ ಪಾಲನ್ನು ಮುಟ್ಟಲೇ ಇಲ್ಲ, ಮುಟ್ಟುವುದಕ್ಕೆ ಅಲ್ಲಿ ತೆರಿಗೆಯೇ ಇರಲಿಲ್ಲ. "ಜಿಎಸ್‌ಟಿ ಇಳಿದೈತಿ, ಹಿಂಡಿ ಯಾಕ ಇಳಿದಿಲ್ಲ?" ಎಂದು ಅಂಗಡಿಯವರೊಂದಿಗೆ ಜಗಳ ಮಾಡಿದರೆ ಪ್ರಯೋಜನವಿಲ್ಲ. ಅದೇ ರೀತಿ ಆಕಳು, ಎಮ್ಮೆ ಕೊಳ್ಳುವಾಗಲೂ ಜಿಎಸ್‌ಟಿ ಇಲ್ಲ, ಕೃತಕ ಗರ್ಭಧಾರಣೆಯ ವೀರ್ಯ ನಳಿಕೆಗೂ ಇಲ್ಲ. ಹಿಂಡಿ ಅಂಗಡಿಯ ಬಿಲ್‌ನಲ್ಲಿ ಯಾರಾದರೂ ಜಿಎಸ್‌ಟಿ ಎಂದು ಸೇರಿಸಿದ್ದರೆ ಯಾವುದರ ಮೇಲೆ ಎಂದು ಕೇಳಿ.

ಮೇವಿಗೆ ತೆರಿಗೆ ಬೀಳುವುದು ದಾರಿಯಲ್ಲಿ. ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತದೆ, ಭತ್ತದ ಹುಲ್ಲು ಅಲ್ಲಿಂದ ಲಿಂಗಸುಗೂರು, ಮಸ್ಕಿಯ ಒಣ ಊರುಗಳಿಗೆ ಟ್ರ್ಯಾಕ್ಟರ್ ಮೇಲೆ ಬರುತ್ತದೆ. ಹುಲ್ಲಿಗೆ ತೆರಿಗೆ ಇಲ್ಲ, ಅದನ್ನು ತರುವ ಡೀಸೆಲ್‌ಗೆ ಇದೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 14.34ರಿಂದ ಶೇ. 18.44ಕ್ಕೆ ಏರಿಸಿತು, ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು. 2025ರ ಏಪ್ರಿಲ್ 1ರಿಂದ ಅದು ಶೇ. 21.17 ಆಯಿತು, ಮತ್ತೆ 2 ರೂಪಾಯಿ. ಎರಡೂ ಸೇರಿ ಸುಮಾರು ಐದು. ಒಂದು ಸಲ ಹುಲ್ಲು ತರಲು 20 ಲೀಟರ್ ಡೀಸೆಲ್ ಸುಟ್ಟರೆ ಸುಮಾರು 100 ರೂಪಾಯಿ ಜಾಸ್ತಿ. ಈ ಹಣ ಬಾಡಿಗೆಯಲ್ಲಿ ಸೇರಿ ಬರುತ್ತದೆ, ಯಾವ ಬಿಲ್‌ನಲ್ಲೂ ತೆರಿಗೆ ಎಂದು ಕಾಣುವುದಿಲ್ಲ. ಡೇರಿಯಿಂದ ಶೀತಲೀಕರಣ ಕೇಂದ್ರಕ್ಕೆ ಹಾಲು ಒಯ್ಯುವ ಗಾಡಿಗೂ ಇದೇ ಡೀಸೆಲ್.

ಅದೇ 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲಿನ ದರವೂ ಲೀಟರಿಗೆ 4 ರೂಪಾಯಿ ಏರಿತು, ಆ ಹಣ ಉತ್ಪಾದಕರಿಗೇ ಎಂದು ಘೋಷಣೆಯಾಯಿತು. ಒಂದೇ ದಿನ ಒಂದು ಕೈಯಲ್ಲಿ ಬಂತು, ಇನ್ನೊಂದು ಕೈಯಲ್ಲಿ ಸ್ವಲ್ಪ ಹೋಯಿತು. ನಮ್ಮಲ್ಲಿ ಬಹಳ ಮನೆಗಳಲ್ಲಿ ಬಂದದ್ದು ಗೊತ್ತಾಯಿತು, ಹೋದದ್ದು ಗೊತ್ತಾಗಲಿಲ್ಲ.

ಮೊಸರು, ತುಪ್ಪದ ಕತೆ

2022ರ ಜುಲೈ 18ರಂದು ಪ್ಯಾಕೆಟ್ ಮೊಸರು, ಮಜ್ಜಿಗೆ, ಲಸ್ಸಿಗೆ ಮೊದಲ ಸಲ ಶೇ. 5 ಜಿಎಸ್‌ಟಿ ಬಂತು. "ಹಾಲಿಗೂ ಟ್ಯಾಕ್ಸ್" ಎಂಬ ಮಾತು ಹಳ್ಳಿಗಳಲ್ಲಿ ಹುಟ್ಟಿದ್ದು ಆಗಲೇ. ಆ ದಿನ ನಂದಿನಿಯ 200 ಗ್ರಾಂ ಮೊಸರು 10 ರೂಪಾಯಿಯಿಂದ 12 ಆಯಿತು. ಜನ ಗಲಾಟೆ ಮಾಡಿದ ಮೇಲೆ 10 ರೂಪಾಯಿ 50 ಪೈಸೆಗೆ ಇಳಿಯಿತು. ಲೆಕ್ಕ ಹಾಕಿ ನೋಡಿ: 10 ರೂಪಾಯಿಗೆ ಶೇ. 5 ಎಂದರೆ 50 ಪೈಸೆಯೇ. ತೆರಿಗೆ ಎಷ್ಟು, ಬೆಲೆ ಏರಿಕೆ ಎಷ್ಟು ಎಂದು ಬೇರೆ ಬೇರೆ ನೋಡಲು ಬಂದರೆ ಗ್ರಾಹಕರು ಹೀಗೆ ಕೇಳಬಹುದು. ಪ್ಯಾಕ್ ಮಾಡದೆ, ಹೆಸರಿನ ಚೀಟಿ ಅಂಟಿಸದೆ ಮನೆಯಲ್ಲಿ ಅಳೆದು ಕೊಡುವ ಮೊಸರು ಮಜ್ಜಿಗೆಗೆ ಅಂದೂ ತೆರಿಗೆ ಇರಲಿಲ್ಲ, ಇಂದೂ ಇಲ್ಲ.

ತುಪ್ಪ, ಬೆಣ್ಣೆಯದು ಬೇರೆ. ಅವಕ್ಕೆ ಶೇ. 12 ಇತ್ತು, ಸೆಪ್ಟೆಂಬರ್ 22ರಿಂದ ಶೇ. 5. ಅಂದು ನಂದಿನಿ ತುಪ್ಪ ಲೀಟರಿಗೆ 650ರಿಂದ 610ಕ್ಕೆ ಇಳಿಯಿತು. ನವೆಂಬರ್‌ನಲ್ಲಿ ಮಹಾಮಂಡಳಿ ದರ ಪರಿಷ್ಕರಿಸಿ 700 ಮಾಡಿತು. "ಇಳಿಸಿದ್ದು ಯಾಕೆ, ಏರಿಸಿದ್ದು ಯಾಕೆ" ಎಂದು ಪೇಟೆಯಲ್ಲಿ ಕೇಳಿದವರಿದ್ದಾರೆ. ಇಳಿದದ್ದು ಸರ್ಕಾರದ ಪಾಲು, ಏರಿದ್ದು ತುಪ್ಪದ ಬೆಲೆ. ಈ ಎರಡನ್ನು ಒಂದೇ ಎಂದು ತಿಳಿಯಬಾರದು. ಕೊಳ್ಳುವವರಾಗಿ ನಮಗೆ ಬೇಸರವಾದರೂ, ಹಾಲು ಹಾಕುವವರಾಗಿ ಇದನ್ನು ಬೇರೆ ರೀತಿ ನೋಡಬೇಕಾಗುತ್ತದೆ. ತುಪ್ಪ ಒಳ್ಳೆಯ ಬೆಲೆಗೆ ಹೋದರೆ ಒಕ್ಕೂಟಕ್ಕೆ ಬಲ, ಒಕ್ಕೂಟಕ್ಕೆ ಬಲವಿದ್ದರೆ ಹಾಲಿನ ದರ ಕೇಳಲು ನಿಮಗೂ ಬಾಯಿ ಇರುತ್ತದೆ. ಆ ಹಣ ನಿಮ್ಮವರೆಗೆ ಬಂತೇ ಎಂದು ಸಂಘದ ಸರ್ವ ಸದಸ್ಯರ ಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ. ಕೇಳಿ.

ಮನೆ ಖರ್ಚಿನಲ್ಲಿ ಸಾಬೂನು, ತಲೆಗೆಣ್ಣೆ, ಟೂತ್‌ಪೇಸ್ಟ್, ಶಾಂಪೂ, ಬಿಸ್ಕತ್ತು 18ರಿಂದ 5ಕ್ಕೆ ಬಂದಿವೆ. ಸೈಕಲ್, ಹೊಲಿಗೆ ಯಂತ್ರ 12ರಿಂದ 5. ಸಿಮೆಂಟ್ 28ರಿಂದ 18, ಕೊಟ್ಟಿಗೆಗೆ ನೆಲಗಟ್ಟು ಹಾಕಿಸುವವರಿಗೆ ಇದು ಉಪಯೋಗ.

ಅಕೌಂಟಿಗೆ ಬಂದ ಹಾಲಿನ ರೊಕ್ಕ

ಈಗ ಆ ಎರಡನೆಯ ಪ್ರಶ್ನೆ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಫೋನ್‌ಪೇ, ಗೂಗಲ್‌ಪೇ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ನೋಟಿಸ್ ಕೊಟ್ಟಿತು. ಬೇಕರಿ, ಚಹಾ ಅಂಗಡಿ, ಹಾಲು ಮಾರುವವರು, ತರಕಾರಿ ಮಾರುವವರು ಎಲ್ಲರೂ ಹೆದರಿದರು. ಬೆಂಗಳೂರಿನಲ್ಲಿ ಅಂಗಡಿಗಳ ಮುಂದೆ "ಫೋನ್‌ಪೇ ಇಲ್ಲ, ನಗದು ಮಾತ್ರ" ಎಂಬ ಬೋರ್ಡ್ ಬಂತು. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಳ್ಳುವವರ ಹಳೆಯ ಬಾಕಿ ಕೇಳುವುದಿಲ್ಲ, ಹಾಲು, ತರಕಾರಿ, ಹಣ್ಣು, ಮಾಂಸದಂತಹ ತೆರಿಗೆ ಇಲ್ಲದ ವಸ್ತು ಮಾರುವವರಿಂದ ತೆರಿಗೆ ವಸೂಲಿ ಇಲ್ಲ ಎಂದು ಹೇಳಿದರು.

ನೋಟಿಸ್ ನಿಂತಿತು, ಹೆದರಿಕೆ ನಿಲ್ಲಲಿಲ್ಲ. ನಮ್ಮ ತಾಲ್ಲೂಕಿನಲ್ಲೂ ಕೆಲವು ಮನೆಗಳಲ್ಲಿ "ನಿನ್ನ ಅಕೌಂಟಿಗೆ ಹಾಲಿನ ರೊಕ್ಕ ಬ್ಯಾಡ, ನನ್ನದಕ್ಕ ಹಾಕಿಸು, ಇಲ್ಲಾಂದ್ರ ಗೃಹಲಕ್ಷ್ಮಿ ಹೋಗ್ತೈತಿ" ಎಂಬ ಮಾತು ನಡೆದದ್ದು ನನಗೆ ಗೊತ್ತಿದೆ. ನಸುಕಿನಲ್ಲಿ ಎದ್ದು ಸಗಣಿ ಬಾಚಿ, ಹಾಲು ಹಿಂಡಿ, ಕ್ಯಾನ್ ಹೊತ್ತು ಬರುವವರು ನೀವು. ಬಟವಾಡೆ ಇನ್ನೊಬ್ಬರ ಖಾತೆಗೆ ಹೋದರೆ ಆ ಹಣದ ಮೇಲಿನ ಮಾತೂ ಅವರದೇ ಆಗುತ್ತದೆ. ಹಾಗಾಗಿ ನಿಯಮ ಏನಿದೆ ಎಂದು ನೇರವಾಗಿ ಹೇಳುತ್ತೇನೆ.

ಗೃಹಲಕ್ಷ್ಮಿಗೆ ಅಡ್ಡಿಯಾಗುವುದು ಎರಡು: ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ. ಬ್ಯಾಂಕ್ ಖಾತೆಗೆ ಹಾಲಿನ ಹಣ ಬರುವುದು ಈ ಎರಡರಲ್ಲಿ ಯಾವುದೂ ಅಲ್ಲ. ಪ್ಯಾನ್ ಕಾರ್ಡ್ ಇರುವುದೂ ತೆರಿಗೆ ಕಟ್ಟಿದಂತೆ ಅಲ್ಲ.

ಜಿಎಸ್‌ಟಿ ನೋಂದಣಿ ಬೇಕಾಗುವುದು ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದಾಗ. ಬರೀ ಹಾಲಿನಂತಹ ತೆರಿಗೆ ಇಲ್ಲದ ವಸ್ತು ಮಾರುವವರಿಗೆ ಎಷ್ಟೇ ವಹಿವಾಟಿದ್ದರೂ ನೋಂದಣಿ ಬೇಡ. ಮನೆಯಲ್ಲಿ ಬೆಣ್ಣೆ ಕಡೆದು ಸಂತೆಯಲ್ಲಿ ಮಾರುವವರು 40 ಲಕ್ಷದ ಹತ್ತಿರವೂ ಬರುವುದಿಲ್ಲ.

ಆದಾಯ ತೆರಿಗೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. "ಹೈನುಗಾರಿಕೆ ಒಕ್ಕಲುತನ, ಒಕ್ಕಲುತನಕ್ಕೆ ಟ್ಯಾಕ್ಸ್ ಇಲ್ಲ" ಎನ್ನುತ್ತಾರೆ. ಕಾನೂನಿನ ಲೆಕ್ಕದಲ್ಲಿ ಜೋಳ, ತೊಗರಿ, ಭತ್ತದ ಆದಾಯ ಕೃಷಿ ಆದಾಯ. ಹಾಲಿನದು ಅಲ್ಲ, ಅದು ವ್ಯಾಪಾರದ ಆದಾಯ. ಆದರೂ ನಿಮಗೆ ತೆರಿಗೆ ಬೀಳುವುದಿಲ್ಲ, ಅದಕ್ಕೆ ಕಾರಣ ಬೇರೆ. 2025ರ ಫೆಬ್ರವರಿ 1ರ ಬಜೆಟ್‌ನಿಂದ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ, 12 ಲಕ್ಷದವರೆಗೆ ಲೆಕ್ಕಕ್ಕೆ ಬಂದರೂ ರಿಯಾಯಿತಿಯಲ್ಲಿ ಪೂರ್ತಿ ಮಾಫಿ. ದಿನಕ್ಕೆ 10 ಲೀಟರ್ ಹಾಲು, ಪ್ರೋತ್ಸಾಹಧನ ಸೇರಿ ಲೀಟರಿಗೆ 40 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 1,46,000. ಅದೂ ಬಂದ ಹಣ, ಆದಾಯವಲ್ಲ. ಮೇವು, ಹಿಂಡಿ, ಔಷಧಿಯ ಖರ್ಚು ಕಳೆದು ಉಳಿದದ್ದು ಆದಾಯ. ಇಪ್ಪತ್ತು ಎಚ್‌ಎಫ್ ಆಕಳು ಕಟ್ಟಿ ದಿನಕ್ಕೆ 200 ಲೀಟರ್ ಹಾಕುವವರು ಒಮ್ಮೆ ತೆರಿಗೆ ಸಲಹೆಗಾರರನ್ನು ಕಾಣುವುದು ಒಳ್ಳೆಯದು. ಉಳಿದವರಿಗೆ ಆ ಚಿಂತೆ ಬೇಡ. ರೇಷನ್ ಕಾರ್ಡಿನ ಆದಾಯ ಮಿತಿ ಮಾತ್ರ ಇದಕ್ಕಿಂತ ಬೇರೆ ಲೆಕ್ಕ, ಅದನ್ನು ಆಹಾರ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಿರಿ.

ನಿಮ್ಮ ಡೇರಿ ಸಂಘಕ್ಕೂ ಕಾನೂನಿನಲ್ಲಿ ರಕ್ಷಣೆ ಇದೆ. ಸದಸ್ಯರ ಹಾಲನ್ನು ಒಕ್ಕೂಟಕ್ಕೆ ಕೊಡುವ ಪ್ರಾಥಮಿಕ ಸಂಘದ ಆ ವ್ಯವಹಾರದ ಲಾಭಕ್ಕೆ ಆದಾಯ ತೆರಿಗೆಯಲ್ಲಿ ಪೂರ್ಣ ವಿನಾಯಿತಿ. ಕಾರ್ಯದರ್ಶಿಗಳು ಇದನ್ನು ಬಲ್ಲರು.

ನಿಜವಾಗಿ ಎಚ್ಚರ ಬೇಕಾದದ್ದು ಒಂದು ಕಡೆ. ಮಗನೋ ಮೈದುನನೋ ಅಂಗಡಿ ಇಡುವಾಗ, ಅಥವಾ ಯಾವುದೋ ಏಜೆಂಟ್ ಸಾಲ ಕೊಡಿಸುವಾಗ, "ಅವ್ವಾ, ಇಲ್ಲೊಂದು ಸಹಿ ಹಾಕು" ಎಂದು ನಿಮ್ಮ ಆಧಾರ್, ಪ್ಯಾನ್ ತೆಗೆದುಕೊಂಡು ನಿಮ್ಮ ಹೆಸರಿನಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸುವುದುಂಟು. ಆಗ ರಿಟರ್ನ್ ಸಲ್ಲಿಸುವವರು ಕಾಗದದ ಮೇಲೆ ನೀವೇ. ಗೃಹಲಕ್ಷ್ಮಿಯ 2,000 ನಿಲ್ಲುವುದು ಹಾಲಿನ ಹಣದಿಂದಲ್ಲ, ಇಂತಹ ಸಹಿಯಿಂದ. ಬೆರಳು ಒತ್ತುವ ಮುನ್ನ, ಒಟಿಪಿ ಹೇಳುವ ಮುನ್ನ, ಇದು ಯಾವ ನೋಂದಣಿ ಎಂದು ಓದಿಸಿ ಕೇಳಿ.

ಬಿಲ್ ಓದುವುದು

ತೆರಿಗೆ ಇಳಿದದ್ದು ನಿಮ್ಮವರೆಗೆ ಬಂತೋ ಇಲ್ಲವೋ ಎಂದು ಹೇಳುವುದು ಬಿಲ್ ಒಂದೇ. ಔಷಧಿ ಅಂಗಡಿಯ ಬಿಲ್‌ನಲ್ಲಿ ಮೇಲ್ಗಡೆ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರುತ್ತದೆ, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಕೆಳಗಡೆ ತೆರಿಗೆಯನ್ನು ಎರಡು ಭಾಗ ಮಾಡಿ ಬರೆದಿರುತ್ತಾರೆ, ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಮೊದಲು 6 ಮತ್ತು 6 ಇರುತ್ತಿತ್ತು, ಈಗ 2.5 ಮತ್ತು 2.5 ಇರಬೇಕು. ಹಳೆಯ ಎಂಆರ್‌ಪಿ ಅಚ್ಚಾದ ಡಬ್ಬಿಯಾದರೂ ಮಾರುವ ದಿನದ ತೆರಿಗೆಯೇ ಲೆಕ್ಕ. ಸಂಖ್ಯೆಯೇ ಇಲ್ಲದ ಅಂಗಡಿಯವರು ಜಿಎಸ್‌ಟಿ ಎಂದು ಬೇರೆ ಹಣ ಕೇಳುವಂತಿಲ್ಲ. ಕೇಳಿದರೂ ಸರಿಪಡಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಸೆಪ್ಟೆಂಬರ್ ಮುಂಚಿನ ಒಂದು ಔಷಧಿ ಬಿಲ್, ಆಮೇಲಿನ ಒಂದು ಬಿಲ್ ಮನೆಯಲ್ಲಿದ್ದರೆ ಎರಡನ್ನೂ ಬರುವ ಸಂಘದ ಸಭೆಗೆ ತನ್ನಿ. ಶಾಲೆ ಓದುವ ಮಗಳಿದ್ದರೆ ಅವಳನ್ನೂ ಕರೆತನ್ನಿ, ಶೇಕಡಾ ಲೆಕ್ಕ ಅವಳೇ ಮಾಡಿ ತೋರಿಸುತ್ತಾಳೆ.